ಕಂಪೈಲರಿನ ತಪ್ಪೋ, ನಮ್ಮದೋ: ದೋಷ ವರದಿ ಬರೆಯುವ ಮುನ್ನ

ಪ್ರೋಗ್ರಾಂ ತಪ್ಪು ಉತ್ತರ ಕೊಟ್ಟಾಗ ಕಂಪೈಲರನ್ನು, ಅಂದರೆ ನಾವು ಬರೆದದ್ದನ್ನು ಯಂತ್ರಸಂಕೇತಕ್ಕೆ ತಿರುಗಿಸುವ ತಂತ್ರಾಂಶವನ್ನು, ಅನುಮಾನಿಸುವುದು ಕಟ್ಟಕಡೆಯ ಹೆಜ್ಜೆಯಾಗಿರಬೇಕು ಎಂದು ಅನುಭವಿಗಳು ಹೇಳುತ್ತಾರೆ. ಅದು ಒಳ್ಳೆಯ ಸಲಹೆಯೇ. ಆದರೆ ಕಂಪೈಲರಿನಲ್ಲಿ ದೋಷವೇ ಇರುವುದಿಲ್ಲ ಎಂದು ಅದನ್ನು ಅರ್ಥ ಮಾಡಿಕೊಂಡರೆ ಕೆಟ್ಟಿತು. ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು ಯಾದೃಚ್ಛಿಕವಾಗಿ ಸಿ ಪ್ರೋಗ್ರಾಂಗಳನ್ನು ಹುಟ್ಟಿಸುವ ‘ಸಿಸ್ಮಿತ್’ ಎಂಬ ಸಾಧನವನ್ನು ಕಟ್ಟಿ, ಮೂರು ವರ್ಷಗಳ ಅವಧಿಯಲ್ಲಿ 325ಕ್ಕೂ ಹೆಚ್ಚು ಹೊಸ ದೋಷಗಳನ್ನು ಕಂಪೈಲರ್ ತಯಾರಕರಿಗೆ ತಿಳಿಸಿದರು. ತಾವು ಪರೀಕ್ಷಿಸಿದ ಪ್ರತಿಯೊಂದು ಕಂಪೈಲರೂ ಸರಿಯಾದ ಪ್ರೋಗ್ರಾಂ ಕೊಟ್ಟಾಗಲೂ ಎಲ್ಲೋ ಒಂದು ಕಡೆ ಮುರಿದು ಬಿದ್ದಿತು ಮತ್ತು ಇನ್ನೊಂದು ಕಡೆ ಸದ್ದಿಲ್ಲದೆ ತಪ್ಪು ಯಂತ್ರಸಂಕೇತವನ್ನು ಕೊಟ್ಟಿತು ಎಂದು 2011ರ ಪ್ರಬಂಧದಲ್ಲಿ ಅವರು ದಾಖಲಿಸಿದ್ದಾರೆ. ಆದ್ದರಿಂದ ಅನುಮಾನ ಪಡುವುದು ತಪ್ಪಲ್ಲ. ಅನುಮಾನವನ್ನು ಯಾವ ಕ್ರಮದಲ್ಲಿ ಪರೀಕ್ಷೆಗೆ ಒಡ್ಡಬೇಕು ಎಂಬುದನ್ನು ಕಲಿಯಬೇಕು. ಮುಕ್ತ ತಂತ್ರಾಂಶ ಕಂಪೈಲರುಗಳಿಗೆ ಬರುವ ದೋಷ ವರದಿಗಳನ್ನು ವಿಂಗಡಿಸುವ ಕೆಲಸದಲ್ಲಿ ಇರುವವನಾಗಿ, ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಮನೆಯಿಂದಲೇ ಕೆಲಸ ಮಾಡುವ ಕಿರಿಯರೂ ನನ್ನಲ್ಲಿ ಆಗಾಗ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸುತ್ತಿದ್ದೇನೆ.

ಮೊದಲು ನೋಡಬೇಕಾದದ್ದು ದೋಷದ ಜಾತಿಯನ್ನು. ಕಂಪೈಲರು ‘ಇಂಟರ್ನಲ್ ಕಂಪೈಲರ್ ಎರರ್’ ಎಂದು ಬರೆದು ನಿಂತುಹೋದರೆ ಆ ದೋಷ ಕಂಪೈಲರಿನದೇ. ನೀವು ಕೊಟ್ಟ ಪ್ರೋಗ್ರಾಂ ತಪ್ಪಾಗಿದ್ದರೂ ಈ ಮಾತು ನಿಜ, ಏಕೆಂದರೆ ತಪ್ಪು ಪ್ರೋಗ್ರಾಂ ಸಿಕ್ಕಾಗ ಕಂಪೈಲರು ಅದನ್ನು ಎತ್ತಿ ತೋರಿಸಬೇಕೇ ಹೊರತು ತಾನೇ ಮುರಿದು ಬೀಳಬಾರದು. ಜಿಸಿಸಿ ಎಂಬ ಮುಕ್ತ ತಂತ್ರಾಂಶ ಕಂಪೈಲರಿನ ದೋಷ ದಾಖಲೆ ತಾಣವಾದ ಬಗ್‌ಜಿಲ್ಲಾದಲ್ಲಿ ಸರಿಯಾದ ಪ್ರೋಗ್ರಾಮಿಗೆ ಮುರಿದದ್ದಕ್ಕೂ ತಪ್ಪು ಪ್ರೋಗ್ರಾಮಿಗೆ ಮುರಿದದ್ದಕ್ಕೂ ಬೇರೆ ಬೇರೆ ಗುರುತುಪದಗಳಿವೆ. ಸರಿಯಾದದ್ದನ್ನು ತಿರಸ್ಕರಿಸಿದರೆ, ತಪ್ಪಾದದ್ದನ್ನು ಒಪ್ಪಿಕೊಂಡರೆ, ಅವಕ್ಕೂ ಪ್ರತ್ಯೇಕ ಗುರುತುಗಳುಂಟು. ಎಲ್ಲಕ್ಕಿಂತ ಕಷ್ಟದ್ದು ‘ರಾಂಗ್ ಕೋಡ್’ ಎಂದು ಗುರುತಿಸುವ ಜಾತಿ: ಕಂಪೈಲರು ಏನೂ ದೂರದೆ ಕೆಲಸ ಮುಗಿಸುತ್ತದೆ, ಪ್ರೋಗ್ರಾಂ ಓಡುತ್ತದೆ, ಉತ್ತರ ಮಾತ್ರ ಸುಳ್ಳು.

ಮುರಿದು ಬೀಳುವ ಪ್ರಕರಣಗಳಲ್ಲೂ ಕಂಪೈಲರಿನ ಪಾಲಿಲ್ಲದ ಕೆಲವನ್ನು ಮೊದಲೇ ಬದಿಗಿಡಬೇಕು, ಅದರಲ್ಲೂ ನಮ್ಮ ಕಡೆ. ಕಡಿಮೆ ಮೆಮರಿಯ ಹಳೆಯ ಲ್ಯಾಪ್‌ಟಾಪಿನಲ್ಲಿ ದೊಡ್ಡ ಸಿ++ ಯೋಜನೆಯೊಂದನ್ನು ಎಂಟು ಕೆಲಸಗಳನ್ನು ಒಟ್ಟಿಗೆ ಹಚ್ಚಿ ಕಂಪೈಲ್ ಮಾಡಿದರೆ ಮೆಮರಿ ಸಾಲದೆ ಲಿನಕ್ಸೇ ಕಂಪೈಲರಿನ ಪ್ರಕ್ರಿಯೆಯನ್ನು ಕೊಲ್ಲುತ್ತದೆ. ‘ಕಿಲ್ಡ್’ ಎಂಬ ಪದ ಕಂಡರೆ ವರದಿ ಬರೆಯುವ ಬದಲು ಒಂದು ಬಾರಿಗೆ ಒಂದೇ ಕೆಲಸ ಹಚ್ಚಿ ನೋಡಿರಿ. ಮುಂಗಾರಿನ ಮೊದಲ ಗುಡುಗಿನ ದಿನಗಳಲ್ಲಿ ಕರೆಂಟು ಹೋಗಿ ಯಂತ್ರ ಅರ್ಧದಲ್ಲಿ ಆರಿದ್ದರೆ, ಅಪೂರ್ಣವಾಗಿ ಬರೆದ ಆಬ್ಜೆಕ್ಟ್ ಫೈಲುಗಳು (ಒಂದೊಂದು ಫೈಲಿನ ಯಂತ್ರಸಂಕೇತ) ಡಿಸ್ಕಿನಲ್ಲಿ ಉಳಿದಿರುತ್ತವೆ. ಅವುಗಳ ಸಮಯಮುದ್ರೆ ಹೊಸದಾಗಿರುವುದರಿಂದ ಬದಲಾದ ಫೈಲುಗಳನ್ನಷ್ಟೇ ಕಟ್ಟುವ ‘ಮೇಕ್’ ಸಾಧನ ಅವನ್ನು ಮತ್ತೆ ಕಟ್ಟುವುದಿಲ್ಲ. ಆಮೇಲೆ ಆ ಫೈಲುಗಳನ್ನು ಜೋಡಿಸುವ ಲಿಂಕರು, ಫೈಲು ಗುರುತಿಗೆ ಸಿಗುತ್ತಿಲ್ಲ, ತುಂಡಾಗಿದೆ ಎಂದು ದೂರುತ್ತದೆ. ಎಲ್ಲವನ್ನೂ ಅಳಿಸಿ ಹೊಸದಾಗಿ ಕಟ್ಟಿದರೆ ಈ ‘ದೋಷ’ ಮಾಯವಾಗುತ್ತದೆ. ಮೂರನೆಯದು ಕೆಟ್ಟ ರ‍್ಯಾಮ್. ಒಂದೇ ಫೈಲನ್ನು ಮತ್ತೆ ಮತ್ತೆ ಕಂಪೈಲ್ ಮಾಡಿದಾಗ ಪ್ರತಿಸಲವೂ ಬೇರೆ ಬೇರೆ ಸಾಲಿನಲ್ಲಿ ಮುರಿದರೆ, ಕಂಪೈಲರನ್ನು ಬಿಟ್ಟು ಮೆಮರಿ ಪರೀಕ್ಷಿಸುವ ಸಾಧನವನ್ನು ರಾತ್ರಿಯಿಡೀ ಓಡಿಸಿರಿ. ತಾನು ಮುರಿದ ಕೆಲಸವನ್ನು ತಾನೇ ಮತ್ತೊಮ್ಮೆ ಮಾಡಿ ನೋಡಿ, ಅದೇ ದೋಷ ಮರುಕಳಿಸದಿದ್ದರೆ ಇದು ಬಹುಶಃ ಯಂತ್ರಾಂಶದ ಅಥವಾ ಕಾರ್ಯಾಚರಣ ವ್ಯವಸ್ಥೆಯ ತೊಂದರೆ ಎಂದು ಹೇಳುವ ಏರ್ಪಾಡು ಜಿಸಿಸಿಯ ಒಳಗೇ ಇದೆ. ಆ ಸಾಲನ್ನು ಓದದೆ ವರದಿ ಕಳಿಸುವವರು ಇನ್ನೂ ಇದ್ದಾರೆ.

ತಪ್ಪು ಉತ್ತರದ ಪ್ರಕರಣಗಳ ಕಡೆಗೆ ಬರೋಣ. ವಿದ್ಯಾರ್ಥಿಯೊಬ್ಬರು ಮಳೆ ಅಳೆಯುವ ಸಣ್ಣ ಯಂತ್ರವೊಂದನ್ನು ಮಾಡಿದ್ದರು. ಎಂಟು ಬಿಟ್ಟಿನ ಎವಿಆರ್ ಮೈಕ್ರೊಕಂಟ್ರೋಲರ್ ಎಂಬ ಪುಟ್ಟ ಚಿಪ್ಪು, ಅದಕ್ಕೆ ಜಿಸಿಸಿ. ದಿನದ ಮಳೆಯನ್ನು ಮಿಲಿಮೀಟರಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಪೂರ್ಣಾಂಕವಾಗಿ ಹಿಡಿದು, ಹಂಗಾಮಿನ ಒಟ್ಟು ಮೊತ್ತಕ್ಕೆ ಕೂಡಿಸುವುದು ಅದರ ಕೆಲಸ. ಶಿವಮೊಗ್ಗ ಪೇಟೆಯಲ್ಲಿ ಯಂತ್ರ ಸರಿಯಾಗಿಯೇ ನಡೆಯಿತು. ಅದೇ ಯಂತ್ರವನ್ನು ಆಗುಂಬೆಯ ಕಡೆ ಇಟ್ಟಾಗ, ಮಳೆಗಾಲ ಬಲಿತ ಮೇಲೆ ಒಂದು ಬೆಳಿಗ್ಗೆ ಪರದೆಯ ಮೇಲೆ ‘-3252.4’ ಎಂದು ಕಾಣಿಸಿತು. ಮೊತ್ತ ಉಕ್ಕಿ ಹರಿದರೆ ತಿಳಿಯಲೆಂದು ಅವರು ‘ಒಟ್ಟು ಮತ್ತು ಇಂದಿನದನ್ನು ಕೂಡಿದ್ದು ಒಟ್ಟಿಗಿಂತ ಕಡಿಮೆಯಾದರೆ ಎಚ್ಚರಿಸು’ ಎಂಬ ಪರೀಕ್ಷೆಯೊಂದನ್ನೂ ಬರೆದಿದ್ದರು. ಅದು ಕೆಲಸವನ್ನೇ ಮಾಡಲಿಲ್ಲ. ಆ ಪರೀಕ್ಷೆಯ ಯಂತ್ರಸಂಕೇತವೇ ಕಾಣುತ್ತಿಲ್ಲ ಎಂಬುದನ್ನು ಅಸೆಂಬ್ಲಿ (ಯಂತ್ರಸಂಕೇತದ ಓದಬಲ್ಲ ರೂಪ) ತೆಗೆದು ನೋಡಿ ಕಂಡುಹಿಡಿದದ್ದು ಅವರ ಜಾಣತನ. ‘ಸರ್, ರ‍್ಯಾಪ್-ವಿ ಆಯ್ಕೆ ಹಾಕಿದ್ರೆ ಎಚ್ಚರಿಕೆ ಬರುತ್ತೆ, ತೆಗೆದ್ರೆ ಬರಲ್ಲ. ಅಂದ್ಮೇಲೆ ಇದು ಕಂಪೈಲರ್ ದೋಷಾನೇ ಅಲ್ವಾ?’ ಎಂದು ಕೇಳಿದರು.

ಅಲ್ಲ. ಆ ಚಿಪ್ಪಿನಲ್ಲಿ ‘ಇಂಟ್’ ಎಂಬ ಪೂರ್ಣಾಂಕದ ಬಗೆ 16 ಬಿಟ್ಟಿನದು, ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32767, ಅಂದರೆ 3276.7 ಮಿಲಿಮೀಟರು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಲ್ಲಿ ಈ ಮಿತಿ ಮಳೆಗಾಲದ ನಡುವೆಯೇ ದಾಟುತ್ತದೆ. ಶಿವಮೊಗ್ಗ ಪೇಟೆಯ ಮಳೆ ಅದರ ಹತ್ತಿರಕ್ಕೂ ಬರುವುದಿಲ್ಲ. ಒಟ್ಟು 3260.0 ಇದ್ದಾಗ ಆ ದಿನದ 41.2 ಸೇರಿತು, 32600ಕ್ಕೆ 412 ಕೂಡಿದರೆ 33012, ಅದು 16 ಬಿಟ್ಟಿನಲ್ಲಿ ಹಿಡಿಯದೆ 65536 ಕಳೆದುಹೋಗಿ -32524 ಆಯಿತು. ಚಿಹ್ನೆಯಿರುವ ಪೂರ್ಣಾಂಕ ಹೀಗೆ ಉಕ್ಕಿದರೆ ಏನಾಗಬೇಕು ಎಂಬುದನ್ನು ಸಿ ಭಾಷೆಯ ಮಾನಕ ನಿರೂಪಿಸಿಯೇ ಇಲ್ಲ. ಆದ್ದರಿಂದ ಉಕ್ಕುವುದೇ ಇಲ್ಲ ಎಂದು ಭಾವಿಸಿಕೊಳ್ಳುವ ಹಕ್ಕು ಕಂಪೈಲರಿಗಿದೆ. ಉಕ್ಕುವುದಿಲ್ಲವಾದರೆ ‘ಕೂಡಿದ್ದು ಒಟ್ಟಿಗಿಂತ ಕಡಿಮೆ’ ಎಂಬ ಪ್ರಶ್ನೆ ‘ಇಂದಿನ ಮಳೆ ಸೊನ್ನೆಗಿಂತ ಕಡಿಮೆಯೇ’ ಎಂಬ ಪ್ರಶ್ನೆಗೆ ಸಮ. ಇಂದಿನ ಮಳೆ ಋಣಾತ್ಮಕವಾಗದು ಎಂಬುದು ಅವರದೇ ಪ್ರೋಗ್ರಾಮಿನ ಮೇಲಿನ ಸಾಲುಗಳಿಂದ ಗೊತ್ತಿತ್ತು, ಹಾಗಾಗಿ ಪರೀಕ್ಷೆ ಪೂರ್ತಿಯಾಗಿ ಅಳಿಸಿಹೋಯಿತು. ಉಕ್ಕಿದಾಗ ಸುತ್ತಿ ಬರಬೇಕು ಎಂಬ ಭರವಸೆಯನ್ನು ರ‍್ಯಾಪ್-ವಿ ಆಯ್ಕೆ ಕೊಡುತ್ತದೆ, ಆದ್ದರಿಂದಲೇ ಅದನ್ನು ಹಾಕಿದಾಗ ಪರೀಕ್ಷೆ ಉಳಿದುಕೊಂಡಿತು. ಚಿಹ್ನೆರಹಿತ ಇಂಟ್ ಬಳಸಿದರೆ ಸಾಕಲ್ಲವೇ ಎಂದು ಕೇಳಬಹುದು. ಅದರ ಮಿತಿ 6553.5 ಮಿಲಿಮೀಟರು, ಆಗುಂಬೆಗೆ ಅದೂ ಸಾಲದು. 32 ಬಿಟ್ಟಿನ ‘ಲಾಂಗ್’ ಬಳಸುವುದೇ ಸರಿ, ಪರೀಕ್ಷೆ ಬೇಕಿದ್ದರೆ ಕೂಡಿಸುವ ಮೊದಲೇ ಮಿತಿಯಿಂದ ಕಳೆದು ನೋಡಬೇಕು.

ಈ ಪ್ರಕರಣವನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ‘ಒಂದು ಆಯ್ಕೆ ಬದಲಿಸಿದರೆ ಉತ್ತರ ಬದಲಾಗುತ್ತದೆ’ ಎಂಬುದನ್ನು ಬಹಳ ಮಂದಿ ಕಂಪೈಲರಿನ ತಪ್ಪಿಗೆ ಸಾಕ್ಷಿಯೆಂದು ತಿಳಿಯುತ್ತಾರೆ, ವಾಸ್ತವದಲ್ಲಿ ಅದು ಸಾಮಾನ್ಯವಾಗಿ ತಿರುವುಮುರುವು. ವರದಿ ಬರೆಯುವ ಮೊದಲು ಎಲ್ಲ ಎಚ್ಚರಿಕೆಗಳನ್ನು ಹಚ್ಚಿ ನೋಡಿ, ರ‍್ಯಾಪ್-ವಿ ಮತ್ತು ನೋ-ಸ್ಟ್ರಿಕ್ಟ್-ಏಲಿಯಾಸಿಂಗ್ (ಒಂದೇ ಮೆಮರಿ ಜಾಗವನ್ನು ಬೇರೆ ಬೇರೆ ಬಗೆಯ ದತ್ತಾಂಶವಾಗಿ ಬಳಸುವುದಿಲ್ಲ ಎಂಬ ಊಹೆಯನ್ನು ಕೈಬಿಡಿಸುವುದು) ಆಯ್ಕೆಗಳನ್ನು ಹಾಕಿ ನೋಡಿ ಎಂದು ಜಿಸಿಸಿಯವರೇ ಕೇಳಿಕೊಳ್ಳುತ್ತಾರೆ. ಅವುಗಳಿಂದ ತೊಂದರೆ ಮಾಯವಾದರೆ ದೋಷ ನಿಮ್ಮ ಪ್ರೋಗ್ರಾಮಿನಲ್ಲಿರುವ ಸಾಧ್ಯತೆಯೇ ಹೆಚ್ಚು. ಜಿಸಿಸಿ ಒಂದು ಉತ್ತರ, ಕ್ಲಾಂಗ್ ಎಂಬ ಬೇರೆ ಕಂಪೈಲರು ಇನ್ನೊಂದು ಉತ್ತರ ಕೊಟ್ಟಿತು ಎಂಬುದೂ ಸುಳಿವಷ್ಟೇ, ತೀರ್ಪಲ್ಲ. ಲ್ಯಾಪ್‌ಟಾಪಿನಲ್ಲಿ ಅನಿರೂಪಿತ ವರ್ತನೆಯನ್ನು ಹಿಡಿಯುವ ಸ್ಯಾನಿಟೈಸರ್ ಬಹಳ ಉಪಯುಕ್ತ. ಆದರೆ ಮಳೆಯಂತ್ರದ ಪ್ರೋಗ್ರಾಂ ಅಲ್ಲಿ ತಣ್ಣಗೆ ಪಾಸಾಗುತ್ತದೆ, ಏಕೆಂದರೆ ಅಲ್ಲಿನ ಇಂಟ್ 32 ಬಿಟ್ಟಿನದು. ಆಯ್ಕೆ ಬದಲಾದರೆ ಉತ್ತರ ಬದಲಾಗುವುದು ದಶಮಾಂಶ ಲೆಕ್ಕದಲ್ಲೂ ಉಂಟು. ಜಿಸಿಸಿಯ ದಾಖಲೆಯಲ್ಲಿ 323ನೇ ಸಂಖ್ಯೆಯ ದೋಷ ಬಹಳ ಪ್ರಸಿದ್ಧ: ಹಳೆಯ ಇಂಟೆಲ್ ಚಿಪ್ಪುಗಳು ಗಣಿತವನ್ನು 80 ಬಿಟ್ಟುಗಳಲ್ಲಿ ಮಾಡಿ ಮೆಮರಿಗೆ 64ರಲ್ಲಿ ಇಳಿಸುತ್ತಿದ್ದುದರಿಂದ, ಆಪ್ಟಿಮೈಸೇಶನ್ (ಪ್ರೋಗ್ರಾಂ ವೇಗವಾಗಲೆಂದು ಕಂಪೈಲರು ಮಾಡುವ ಮಾರ್ಪಾಟು) ಬದಲಾದಂತೆ ಕೊನೆಯ ಅಂಕಿಗಳು ಬದಲಾಗುತ್ತಿದ್ದವು. ಅದೇ ದೂರನ್ನು ಹೊಸದೆಂದು ಭಾವಿಸಿ ವರ್ಷಗಟ್ಟಲೆ ಜನ ಮತ್ತೆ ಮತ್ತೆ ದಾಖಲಿಸಿದರು.

ಇಷ್ಟೆಲ್ಲ ದಾಟಿಯೂ ಅನುಮಾನ ಉಳಿದರೆ ಆಗ ನಿಜವಾದ ಕೆಲಸ ಆರಂಭವಾಗುತ್ತದೆ, ಅದು ಪ್ರೋಗ್ರಾಮನ್ನು ಕಿರಿದುಗೊಳಿಸುವುದು. ನನ್ನ ಅಭಿಪ್ರಾಯದಲ್ಲಿ ದೋಷ ವರದಿಯ ಬೆಲೆಯ ಬಹುಪಾಲು ಇದರಲ್ಲಿದೆ; ನಿರೂಪಣೆ ಎಷ್ಟು ಸೊಗಸಾಗಿದ್ದರೂ ಹತ್ತು ಸಾವಿರ ಸಾಲಿನ ಫೈಲನ್ನು ಯಾರೂ ಓದುವುದಿಲ್ಲ. ಮೊದಲು, ಹೆಡರು ಎಂಬ ಹೊರಗಿನ ಫೈಲುಗಳನ್ನು ಒಳಗೆ ಸೇರಿಸುವ ಪ್ರಿಪ್ರೊಸೆಸರ್ ಹಂತ ಮುಗಿದ ಫೈಲನ್ನು ತೆಗೆದುಕೊಳ್ಳಿ, ಜಿಸಿಸಿಯಲ್ಲಿ ಸೇವ್-ಟೆಂಪ್ಸ್ ಆಯ್ಕೆ ಅದನ್ನು ಉಳಿಸಿಕೊಡುತ್ತದೆ. ಹೆಡರುಗಳೆಲ್ಲ ಅದರೊಳಗೇ ಬಂದಿರುವುದರಿಂದ ನಿಮ್ಮ ಯಂತ್ರದಲ್ಲಿ ಯಾವ ಲೈಬ್ರರಿ ಇದೆ ಎಂಬುದರ ಹಂಗಿಲ್ಲದೆ ಬೇರೆಯವರು ದೋಷವನ್ನು ಮರುಕಾಣಬಹುದು. ಕ್ಲಾಂಗ್ ಮುರಿದಾಗಲಂತೂ ಈ ಫೈಲನ್ನೂ ಅದನ್ನು ಓಡಿಸುವ ಪುಟ್ಟ ಸ್ಕ್ರಿಪ್ಟನ್ನೂ ತಾನೇ ಬರೆದಿಟ್ಟು ಅವು ಎಲ್ಲಿವೆ ಎಂದು ಹೇಳುತ್ತದೆ. ಆಮೇಲೆ ಕತ್ತರಿಸುವ ಕೆಲಸ. ಕೈಯಿಂದಲೂ ಮಾಡಬಹುದು, ಆದರೆ ‘ಸಿ-ರೆಡ್ಯೂಸ್’ ಅಥವಾ ‘ಸಿವೈಸ್’ ಎಂಬ ಸಾಧನಗಳಿಗೆ ಫೈಲನ್ನೂ ‘ದೋಷ ಇನ್ನೂ ಇದೆಯೇ’ ಎಂದು ಉತ್ತರಿಸುವ ಒಂದು ಸ್ಕ್ರಿಪ್ಟನ್ನೂ ಕೊಟ್ಟರೆ, ಅವು ಸಾಲು ಕಿತ್ತು, ಹೆಸರು ಮೊಟಕುಗೊಳಿಸಿ, ಕೆಲವೇ ಸಾಲುಗಳಿಗೆ ತಂದು ನಿಲ್ಲಿಸುತ್ತವೆ. ಆ ಸ್ಕ್ರಿಪ್ಟು ಸಡಿಲವಾಗಿದ್ದರೆ ಎರಡು ಅನಾಹುತಗಳಾಗುತ್ತವೆ. ಮುರಿದು ಬೀಳುವುದನ್ನಷ್ಟೇ ಕೇಳಿದರೆ ಸಾಧನ ಒಂದು ದೋಷದಿಂದ ಹೊರಟು ಇನ್ನೊಂದಕ್ಕೆ ಜಾರಿಕೊಳ್ಳಬಹುದು, ಆದ್ದರಿಂದ ದೋಷ ಸಂದೇಶದ ನಿರ್ದಿಷ್ಟ ಪದಗಳನ್ನೇ ಹುಡುಕಬೇಕು. ತಪ್ಪು ಉತ್ತರದ ಪ್ರಕರಣವಾದರೆ, ಕತ್ತರಿಸುವಾಗ ಬೆಲೆ ತುಂಬದ ಚರವೊಂದು ಹುಟ್ಟಿಕೊಂಡು, ಕೊನೆಗೆ ಉಳಿದ ಹನ್ನೆರಡು ಸಾಲು ಕಂಪೈಲರಿನದಲ್ಲ, ಸಾಧನದ್ದೇ ತಪ್ಪಾಗಿರುತ್ತದೆ. ಎಚ್ಚರಿಕೆಗಳನ್ನು ದೋಷವೆಂದು ಪರಿಗಣಿಸುವುದನ್ನೂ ಸ್ಯಾನಿಟೈಸರ್ ಓಟವನ್ನೂ ಸ್ಕ್ರಿಪ್ಟಿನೊಳಗೆ ಸೇರಿಸಿದರೆ ಇದನ್ನು ಬಹಳಮಟ್ಟಿಗೆ ತಪ್ಪಿಸಬಹುದು.

ಕಿರಿದುಗೊಳಿಸುವುದರಿಂದ ಇನ್ನೊಂದು ಪ್ರಯೋಜನವಿದೆ. ಕಂಪನಿಯ ಕೋಡನ್ನು ಹೊರಗೆ ತೋರಿಸುವಂತಿಲ್ಲ ಎಂದು ಅನೇಕರು ವರದಿಯನ್ನೇ ಬರೆಯುವುದಿಲ್ಲ. ಕತ್ತರಿಸಿ ಕೊನೆಗೆ ಉಳಿದ ‘ಎ’, ‘ಬಿ’ ಎಂಬ ಚರಗಳ ಹತ್ತು ಸಾಲುಗಳಲ್ಲಿ ಗುಟ್ಟೇನೂ ಉಳಿದಿರುವುದಿಲ್ಲ. ಆದರೂ ಕಳಿಸುವ ಮುನ್ನ ಮೇಲಿನವರ ಒಪ್ಪಿಗೆ ಪಡೆಯುವುದು ಲೇಸು.

ಹಿಂದಿನ ಆವೃತ್ತಿಯಲ್ಲಿ ಸರಿಯಿದ್ದು ಈಗ ಕೆಟ್ಟಿದ್ದರೆ, ಯಾವ ಬದಲಾವಣೆಯಿಂದ ಕೆಟ್ಟಿತು ಎಂಬುದನ್ನು, ಬದಲಾವಣೆಗಳ ದಾಖಲೆಯನ್ನು ಅರ್ಧ ಅರ್ಧವಾಗಿ ಸೀಳುತ್ತಾ ನೋಡುವ ‘ಗಿಟ್ ಬೈಸೆಕ್ಟ್’ನಿಂದ ಹುಡುಕಬಹುದು. ಗುಡ್ಡದ ಅಬ್ಬಿಯಿಂದ ಮನೆಗೆ ಪೈಪಿನಲ್ಲಿ ಬರುವ ನೀರು ನಿಂತಾಗ ಯಾರೂ ಪ್ರತಿ ಜೋಡಣೆಯನ್ನೂ ಬಿಚ್ಚುತ್ತಾ ಹತ್ತುವುದಿಲ್ಲ. ನಡುವಿನ ಜೋಡಣೆ ಬಿಚ್ಚಿ, ಅಲ್ಲಿ ನೀರಿದ್ದರೆ ಕೆಳಗೆ, ಇಲ್ಲದಿದ್ದರೆ ಮೇಲೆ ಹುಡುಕುತ್ತಾರೆ. ಇಲ್ಲಿನ ಕ್ರಮವೂ ಅದೇ, ಸಾವಿರ ಬದಲಾವಣೆಗಳ ನಡುವೆ ಸುಮಾರು ಹತ್ತು ಪರೀಕ್ಷೆ ಸಾಕು. ತೊಡಕೆಂದರೆ ಪ್ರತಿ ಪರೀಕ್ಷೆಗೂ ಕಂಪೈಲರನ್ನೇ ಹೊಸದಾಗಿ ಕಟ್ಟಬೇಕು, ಸಾಧಾರಣ ಲ್ಯಾಪ್‌ಟಾಪಿನಲ್ಲಿ ಅದು ಗಂಟೆಗಟ್ಟಲೆ ಹಿಡಿಯುವ ಕೆಲಸ. ಅಷ್ಟು ತಾಳ್ಮೆಯೋ ಯಂತ್ರಬಲವೋ ಇಲ್ಲದವರು ‘ಕಂಪೈಲರ್ ಎಕ್ಸ್‌ಪ್ಲೋರರ್’ ತಾಣದಲ್ಲಿ ತಮ್ಮ ಹತ್ತು ಸಾಲನ್ನು ಹಾಕಿ ಬೇರೆ ಬೇರೆ ಆವೃತ್ತಿಗಳಲ್ಲಿ ನೋಡಬಹುದು. ‘ಈ ಆವೃತ್ತಿಯವರೆಗೆ ಸರಿ, ಮುಂದಿನದರಿಂದ ತಪ್ಪು’ ಎಂಬ ಒಂದು ಸಾಲು ವರದಿಯಲ್ಲಿದ್ದರೆ ಉಳಿದದ್ದನ್ನು ಅಭಿವೃದ್ಧಿಕಾರರು ನೋಡಿಕೊಳ್ಳುತ್ತಾರೆ. ನಿಮ್ಮ ಆವೃತ್ತಿ ತೀರ ಹಳೆಯದಾಗಿದ್ದರೆ ಈಗ ನಿರ್ವಹಣೆಯಲ್ಲಿರುವ ಆವೃತ್ತಿಯಲ್ಲೂ ದೋಷ ಇದೆಯೇ ಎಂದು ಇದೇ ಸಂದರ್ಭದಲ್ಲಿ ನೋಡಿಕೊಳ್ಳಿ. ಲಿನಕ್ಸ್ ವಿತರಣೆಯವರು ತಮ್ಮದೇ ತೇಪೆ ಹಚ್ಚಿದ ಕಂಪೈಲರಾದರೆ ಮೊದಲ ದೂರು ಅವರಿಗೇ ಹೋಗಬೇಕು.

ವರದಿಯ ಬರವಣಿಗೆಯ ಬಗ್ಗೆ ನಮ್ಮ ಹುಡುಗ ಹುಡುಗಿಯರಿಗೆ ಅನಾವಶ್ಯಕ ಅಳುಕಿದೆ, ಇಂಗ್ಲಿಷ್ ಚೆನ್ನಾಗಿಲ್ಲವೆಂದು ಹಿಂಜರಿಯುತ್ತಾರೆ. ಕಂಪೈಲರಿನ ಪೂರ್ಣ ಆವೃತ್ತಿ, ಯಂತ್ರದ ಬಗೆ, ಕೊಟ್ಟ ಆದೇಶ ಯಥಾವತ್ತಾಗಿ, ಬಂದ ಸಂದೇಶ ಯಥಾವತ್ತಾಗಿ, ಕಿರಿದಾದ ಫೈಲು, ಏನು ಬರಬೇಕಿತ್ತು ಮತ್ತು ಏನು ಬಂತು: ಇವುಗಳಲ್ಲಿ ಇಂಗ್ಲಿಷ್ ಬೇಕಾಗುವುದು ಕೊನೆಯ ಎರಡು ವಾಕ್ಯಗಳಿಗೆ ಮಾತ್ರ. ಪರದೆಯ ಫೋಟೊ ಕಳಿಸಬೇಡಿ, ಅದರಲ್ಲಿ ಹುಡುಕಲಾಗದು, ನಕಲಿಸಲಾಗದು. ಶೀರ್ಷಿಕೆಯಲ್ಲಿ ‘ತುರ್ತು’ ಎನ್ನುವ ಬದಲು ಯಾವ ಮಟ್ಟದ ಆಪ್ಟಿಮೈಸೇಶನ್ನಿನಲ್ಲಿ ಏನು ತಪ್ಪುತ್ತದೆ ಎಂದು ಬರೆಯಿರಿ. ಮುಂದೆ ಅದೇ ತೊಂದರೆಗೆ ಸಿಕ್ಕವರು ಹುಡುಕುವುದು ಆ ಪದಗಳನ್ನೇ. ವರದಿಯನ್ನು ‘ಇನ್‌ವ್ಯಾಲಿಡ್’ ಎಂದು ಮುಚ್ಚಿದರೆ ಅದನ್ನು ಅವಮಾನವೆಂದು ತೆಗೆದುಕೊಳ್ಳಬಾರದು, ಜೊತೆಗೆ ಬರೆದ ಕಾರಣವನ್ನು ಓದಿ, ಒಪ್ಪಿಗೆಯಾಗದಿದ್ದರೆ ಮಾನಕದ ಯಾವ ಕಲಮು ನಿಮ್ಮ ಪರವಾಗಿದೆ ಎಂದು ತೋರಿಸಿ ಮರಳಿ ಕೇಳಬಹುದು. ಹೆಚ್ಚಿನ ವಿವರ ಕೇಳಿದಾಗ ಉತ್ತರಿಸದೆ ಬಿಟ್ಟ ವರದಿಗಳು ಮಾತ್ರ ಹಾಗೆಯೇ ಒಣಗಿಹೋಗುತ್ತವೆ.

ದೋಷ ಖಚಿತವಾದ ಮೇಲೂ ತಿದ್ದಿದ ಆವೃತ್ತಿ ನಿಮ್ಮ ಕೈಗೆ ಬರಲು ತಿಂಗಳುಗಳೇ ಆಗಬಹುದು, ಅಲ್ಲಿಯವರೆಗೆ ಕೆಲಸ ನಡೆಯಬೇಕು. ಆಪ್ಟಿಮೈಸೇಶನ್ನನ್ನು ಯೋಜನೆಯಿಡೀ ಆರಿಸಿಬಿಡುವುದು ಸುಲಭದ ದಾರಿ, ನಾನು ಅದನ್ನು ಸೂಚಿಸುವುದಿಲ್ಲ. ಪ್ರೋಗ್ರಾಂ ನಿಧಾನವಾಗುವುದಲ್ಲದೆ, ನಿಮ್ಮದೇ ಬೇರೆ ತಪ್ಪುಗಳು ಅದರ ಮರೆಯಲ್ಲಿ ಅಡಗಿಕೊಳ್ಳುತ್ತವೆ. ತೊಂದರೆ ಕೊಡುತ್ತಿರುವ ಒಂದು ಫೈಲಿಗೆ ಮಾತ್ರ ಮಟ್ಟ ಇಳಿಸಿ, ಅಥವಾ ತೊಂದರೆಗೆ ಮೂಲವಾದ ಆಪ್ಟಿಮೈಸೇಶನ್ ಹಂತವೊಂದನ್ನೇ ಆರಿಸಿ, ಪಕ್ಕದಲ್ಲೇ ದೋಷದ ಸಂಖ್ಯೆಯನ್ನೂ ಯಾವ ಆವೃತ್ತಿ ಬಂದರೆ ಈ ಸಾಲನ್ನು ತೆಗೆಯಬಹುದು ಎಂಬುದನ್ನೂ ಟಿಪ್ಪಣಿಯಾಗಿ ಬರೆದಿಡಿ. ಆ ಟಿಪ್ಪಣಿಯಿಲ್ಲದೆ ಹಚ್ಚಿದ ತೇಪೆಯನ್ನು, ಕಂಪೈಲರು ಸರಿಹೋಗಿ ವರ್ಷಗಳಾದರೂ, ತೆಗೆಯುವ ಧೈರ್ಯ ತಂಡದಲ್ಲಿ ಯಾರಿಗೂ ಬರುವುದಿಲ್ಲ.