ಸರ್ಕಾರವೇ ಮದ್ಯ ಮಾರಿದರೆ ಕುಡಿತ ಕಡಿಮೆಯಾಗುತ್ತಾ?

ಓದುಗರ ಪ್ರಶ್ನೆ: ಒಂದು ಕಡೆ ಕುಡಿತ ಕೆಟ್ಟದ್ದು ಅಂತ ಬೋರ್ಡು ಹಾಕುತ್ತಾರೆ. ಇನ್ನೊಂದು ಕಡೆ ಸರ್ಕಾರವೇ ಮದ್ಯದಂಗಡಿ ತೆರೆಯುತ್ತದೆ. ಇದರಿಂದ ನಿಜಕ್ಕೂ ಕುಡಿತ ಕಡಿಮೆಯಾಗುತ್ತಾ, ಇಲ್ಲ ಇದು ಬರೀ ಖಜಾನೆ ತುಂಬಿಸುವ ದಾರಿನಾ?

ಉತ್ತರ: ಕಡಿಮೆಯಾಗಬಹುದು. ಆದರೆ ಅಂಗಡಿ ಸರ್ಕಾರದ್ದು ಅನ್ನುವ ಒಂದೇ ಕಾರಣಕ್ಕಲ್ಲ. ಒಂದು ಬಾಟಲಿ ಜಾಸ್ತಿ ಹೋದರೆ ಲಾಭ ಯಾರಿಗೆ? ಅದನ್ನು ಮೊದಲು ನೋಡಬೇಕು.

ಬರೀ ದುಡ್ಡಿಗಾದರೆ ಸರ್ಕಾರ ಅಂಗಡಿ ಇಡಬೇಕಾಗಿಯೇ ಇಲ್ಲ. ಖಾಸಗಿಯವರು ಮಾರಿದರೂ ಅಬಕಾರಿ ಸುಂಕ ಬಂದೇ ಬರುತ್ತದೆ. ತೀರಾ ಬೇಕಿದ್ದರೆ ಸಗಟು ವ್ಯಾಪಾರವನ್ನಷ್ಟೇ ಕೈಯಲ್ಲಿ ಇಟ್ಟುಕೊಂಡರೆ ಸಾಕು. ಎಲ್ಲ ಪೆಟ್ಟಿಗೆಗಳೂ ಸರ್ಕಾರದ ಗೋದಾಮಿನಿಂದಲೇ ಹೊರಡುವಾಗ ಸುಂಕ ತಪ್ಪಿಸುವುದು ಸುಲಭವಲ್ಲ. ಅಮೆರಿಕದ ವ್ಯೋಮಿಂಗ್, ಮಿಸಿಸಿಪ್ಪಿ ರಾಜ್ಯಗಳಲ್ಲಿ ಇರುವುದು ಇದೇ ಪದ್ಧತಿ. ಸಗಟು ಸರ್ಕಾರದ್ದು, ಚಿಲ್ಲರೆ ಖಾಸಗಿಯವರದು.

ಹಾಗಾದರೆ ಚಿಲ್ಲರೆ ಅಂಗಡಿಯನ್ನೂ ಸರ್ಕಾರ ಯಾಕೆ ನಡೆಸಬೇಕು? ಇದಕ್ಕೆ ಒಳ್ಳೆಯ ಉತ್ತರ ಸ್ವೀಡನ್‌ನ ಗೋಥೆನ್‌ಬರ್ಗ್‌ನಲ್ಲಿದೆ. 1865ರಲ್ಲಿ ಆ ಊರು ಮದ್ಯದ ಲೈಸೆನ್ಸುಗಳನ್ನು ಒಂದೇ ಕಂಪನಿಗೆ ವಹಿಸಿತು. ದುಡ್ಡು ಹಾಕಿದವರಿಗೆ ಇಂತಿಷ್ಟೇ ಲಾಭ ಅಂತ ಮಿತಿ ಇತ್ತು, ಮಿಕ್ಕಿದ್ದೆಲ್ಲ ಊರಿನ ಕೆಲಸಕ್ಕೆ. ಅಂಗಡಿ ನೋಡಿಕೊಳ್ಳುವವನಿಗೆ ಕಡಕ್ ಮದ್ಯ ಎಷ್ಟು ಹೋದರೂ ಅದರಿಂದ ಕಮಿಷನ್ ಇಲ್ಲ. ಹಾಗಾಗಿ ಗಿರಾಕಿಗೆ 'ಇನ್ನೊಂದು ಹಾಕಿಸಿಕೊಳ್ಳಿ' ಅನ್ನುವ ಆಸೆಯೂ ಅವನಿಗಿಲ್ಲ. ಮದ್ಯದ ವ್ಯಾಪಾರದ ಬಗ್ಗೆ ಯೋಚಿಸಿದವರಲ್ಲಿ ಇಷ್ಟು ಜಾಣತನ ತೋರಿಸಿದವರು ಕಡಿಮೆ ಅಂತ ನನಗನ್ನಿಸುತ್ತದೆ.

ಅದೇ ದಾರಿಯಲ್ಲಿ ಬೆಳೆದು 1955ರಲ್ಲಿ ದೇಶಕ್ಕೆಲ್ಲ ಒಂದೇ ಸರ್ಕಾರಿ ಮದ್ಯದ ಕಂಪನಿ ಆಗಿದ್ದು 'ಸಿಸ್ಟಂಬೊಲಾಗೆಟ್'. ಸ್ವೀಡನ್‌ನಲ್ಲಿ ಶೇ 3.5ಕ್ಕಿಂತ ಜಾಸ್ತಿ ಮದ್ಯಾಂಶವಿರುವ ಪಾನೀಯವನ್ನು ಮನೆಗೆ ಒಯ್ಯಬೇಕೆಂದರೆ ಹೆಚ್ಚುಕಡಿಮೆ ಇದೊಂದೇ ಅಂಗಡಿ. ಒಳಗೆ ಹೋಗಿ ನೋಡಿದರೆ ಫ್ರಿಜ್ಜಿನಲ್ಲಿಟ್ಟ ತಣ್ಣನೆಯ ಬಿಯರ್ ಸಿಗುವುದಿಲ್ಲ. 'ಎರಡು ಕೊಂಡರೆ ಒಂದು ಫ್ರೀ' ಇಲ್ಲ. ಒಂದು ಬಾಟಲಿ ತೆಗೆದುಕೊಂಡರೂ, ಪೆಟ್ಟಿಗೆಯನ್ನೇ ತೆಗೆದುಕೊಂಡರೂ ದರ ಅದೇ. ಬಾರಿನಲ್ಲಿ 18 ದಾಟಿದವರಿಗೆ ಮದ್ಯ ಕೊಡುತ್ತಾರೆ, ಇಲ್ಲಿ 20 ತುಂಬಿರಲೇಬೇಕು. ಭಾನುವಾರ ಬಾಗಿಲು ಮುಚ್ಚಿರುತ್ತದೆ. ಬೇಕಾದವರಿಗೆ ಸಿಗುತ್ತದೆ, ಆದರೆ ಯಾರೂ ಪುಸಲಾಯಿಸುವುದಿಲ್ಲ.

ಇದರಿಂದ ವ್ಯತ್ಯಾಸವಾಗುತ್ತಾ? ಫಿನ್ಲೆಂಡಿನ ಅನುಭವ ನೋಡಿ. ಅಲ್ಲಿ 1919ರಿಂದ 1932ರವರೆಗೆ ಪಾನನಿಷೇಧ ಇತ್ತು. ಕಳ್ಳಸಾಗಣೆ ವಿಪರೀತವಾಗಿ ಅದು ಕೈಕೊಟ್ಟಾಗ ಸರ್ಕಾರಿ ಅಂಗಡಿ 'ಆಲ್ಕೊ' ಬಂತು. 1969ರಲ್ಲಿ ಮಧ್ಯಮ ಕಡಕ್ ಬಿಯರನ್ನು ದಿನಸಿ ಅಂಗಡಿಗಳಿಗೂ ಬಿಟ್ಟರು. ಹಳ್ಳಿಗಳ ಕಡೆ ಆಲ್ಕೊ ತೆರೆಯಲೂ ಅವಕಾಶ ಕೊಟ್ಟರು. ಆ ಒಂದೇ ವರ್ಷದಲ್ಲಿ ದೇಶದ ಒಟ್ಟು ಮದ್ಯ ಬಳಕೆ ಶೇ 46ರಷ್ಟು ಏರಿತು! ಅಕ್ಕಿ ಬೇಳೆಯ ಪಕ್ಕದಲ್ಲೇ ಬಿಯರ್ ಇದ್ದರೆ ಕೈ ಹೋಗುತ್ತದೆ, ಅಲ್ವಾ? ಸ್ವೀಡನ್ ಕೂಡ 1965ರಲ್ಲಿ ಹೀಗೇ ದಿನಸಿ ಅಂಗಡಿಗೆ ಬಿಟ್ಟ ಬಿಯರನ್ನು 1977ರಲ್ಲಿ ವಾಪಸ್ ತೆಗೆಸಿತು. ಹುಡುಗರ ಕುಡಿತ ಅಷ್ಟು ಚಿಂತೆ ಹಚ್ಚಿತ್ತು.

ಈಗ ಇನ್ನೊಂದು ಮುಖ. ತಮಿಳುನಾಡಿನಲ್ಲಿ 1983ರಲ್ಲಿ ಶುರುವಾದ 'ಟಾಸ್ಮಾಕ್' ನಿಗಮ ಮೊದಲು ಸಗಟು ನೋಡಿಕೊಳ್ಳುತ್ತಿತ್ತು, 2003ರಿಂದ ಚಿಲ್ಲರೆಗೂ ಇಳಿಯಿತು. ಅಲ್ಲೂ ಅಂಗಡಿ ಸರ್ಕಾರದ್ದೇ. ಆದರೆ ಮದ್ಯದಿಂದ ಬರುವ ಹಣ ರಾಜ್ಯದ ಆದಾಯದಲ್ಲಿ ದೊಡ್ಡ ಪಾಲು. ಮಾರಾಟ ಇಳಿದರೆ ಬಜೆಟ್ಟಿಗೇ ಪೆಟ್ಟು. ಲಾಭದ ಆಸೆ ಖಾಸಗಿ ಮಾಲೀಕನಿಂದ ಹಣಕಾಸು ಇಲಾಖೆಗೆ ವರ್ಗವಾದರೆ ಕುಡಿಯುವವನ ಮನೆಗೆ ಏನು ಉಪಕಾರವಾಯಿತು? ಸುಮ್ನೆ ಮಾಲೀಕ ಬದಲಾದ, ಅಷ್ಟೆ. ಅಂಗಡಿಗಳನ್ನು ರಾತ್ರೋರಾತ್ರಿ ಮುಚ್ಚಿ ಅಂತಲೂ ನಾನು ಹೇಳಲಾರೆ. ಕಳ್ಳಭಟ್ಟಿಯ ವಿಷಕ್ಕೆ ಸಾಯುವವರು ಬಡವರೇ.

ಆದ್ದರಿಂದ ಯಾವುದೇ ಸರ್ಕಾರಿ ಮದ್ಯದಂಗಡಿ ಬಗ್ಗೆ ಎರಡು ವಿಷಯ ಕೇಳಿ. ಅಲ್ಲಿ ಮಾರಾಟದ ಟಾರ್ಗೆಟ್ ಇದೆಯಾ? ಅದು ಯಾವ ಇಲಾಖೆಗೆ ಲೆಕ್ಕ ಒಪ್ಪಿಸುತ್ತದೆ? 1922ರಲ್ಲಿ ಶುರುವಾದ ನಾರ್ವೆಯ 'ವಿನ್‌ಮೊನೊಪೊಲೆಟ್' ಇವತ್ತು ಆರೋಗ್ಯ ಇಲಾಖೆಯ ಕೆಳಗಿದೆ. ಇದು ಬರೀ ಕಡತದ ಮಾತಲ್ಲ. ಆರೋಗ್ಯ ಮಂತ್ರಿಗೆ ಮಾರಾಟ ಇಳಿದರೆ ಅದು ಒಳ್ಳೆಯ ಸುದ್ದಿ.

ಈ ಪದ್ಧತಿಗೆ ಗಡಿಯ ಕಾಟ ಮಾತ್ರ ತಪ್ಪಿದ್ದಲ್ಲ. ನಾರ್ವೆಯಲ್ಲಿ ದರ ಜಾಸ್ತಿ ಅಂತ ಜನ ಕಾರು ಹತ್ತಿ ಸ್ವೀಡನ್ನಿನ ಸ್ಟ್ರೋಮ್‌ಸ್ಟಾಡ್‌ಗೆ ಹೋಗಿ ತರುತ್ತಾರೆ. ಸ್ವೀಡನ್ನಿನವರು ಡೆನ್ಮಾರ್ಕ್, ಜರ್ಮನಿಗೆ ಹೋಗುತ್ತಾರೆ. ಹಾಗಾಗಿ ಪಕ್ಕದವರ ದರವನ್ನೂ ನೋಡಿಕೊಂಡೇ ತೆರಿಗೆ ಹಾಕಬೇಕಾಗುತ್ತದೆ.