ಸ್ಪ್ರಿಂಗ್ ಒಳಗಿನ ಕಡ್ಡಿ: ಪಿಸ್ತೂಲಿನ ಗೈಡ್ ರಾಡ್ ಬದಲಾದ ಬಗೆ

ಆಯುಧ ಪೂಜೆಯ ದಿನ ಬೆಂಗಳೂರಿನ ಪೊಲೀಸ್ ಠಾಣೆಗಳಲ್ಲಿ ಪಿಸ್ತೂಲುಗಳಿಗೂ ಕುಂಕುಮ, ಹೂವು ಏರುತ್ತದೆ. ನಮ್ಮ ಸೇನೆ, ಪೊಲೀಸರಲ್ಲಿ ಬಳಕೆಯಲ್ಲಿರುವ ಇಶಾಪುರ ರೈಫಲ್ ಕಾರ್ಖಾನೆಯ 9 ಎಂಎಂ ಪಿಸ್ತೂಲಿನ ಮೂಲ 1935ರ ಬ್ರೌನಿಂಗ್ ಹೈ-ಪವರ್. ಅದನ್ನು ಬಿಚ್ಚಿದರೆ ಬ್ಯಾರೆಲ್ ಕೆಳಗೆ ಒಂದು ಸ್ಪ್ರಿಂಗ್, ಅದರೊಳಗೆ ಒಂದು ಕಡ್ಡಿ ಕಾಣುತ್ತದೆ. ಅದೇ ಗೈಡ್ ರಾಡ್. ಪಿಸ್ತೂಲಿನ ಆಸಕ್ತರು ಉಕ್ಕಿನದು ಮೇಲೋ ಪ್ಲಾಸ್ಟಿಕ್ಕಿನದು ಮೇಲೋ ಎಂದು ವಾದ ಮಾಡುವುದು ಈ ಕಡ್ಡಿಯ ಬಗ್ಗೆಯೇ.

ಗುಂಡು ಹಾರಿದಾಗ ಸ್ಲೈಡ್, ಅಂದರೆ ಬ್ಯಾರೆಲ್ ಮೇಲೆ ಹಿಂದೆ ಮುಂದೆ ಸರಿಯುವ ಲೋಹದ ಹೊದಿಕೆ, ಹಿಂದಕ್ಕೆ ಬರುತ್ತದೆ, ಸ್ಪ್ರಿಂಗ್ ಕುಗ್ಗುತ್ತದೆ, ಮತ್ತೆ ಸ್ಲೈಡನ್ನು ಮುಂದಕ್ಕೆ ತಳ್ಳುತ್ತದೆ. ಉದ್ದನೆಯ ಸ್ಪ್ರಿಂಗ್ ಒತ್ತಿದರೆ ಪಕ್ಕಕ್ಕೆ ಬಾಗುತ್ತದೆ, ಅಲ್ವಾ? ಅದನ್ನು ನೇರ ಇಡುವುದೇ ರಾಡಿನ ಕೆಲಸ.

ಮೊದಮೊದಲು ಸ್ಪ್ರಿಂಗ್ ಎಲ್ಲಿರಬೇಕು ಎಂಬುದೇ ನಿಗದಿಯಾಗಿರಲಿಲ್ಲ. 1900ರ ಎಫ್‌ಎನ್ ಬ್ರೌನಿಂಗ್‌ನಲ್ಲಿ ಸ್ಪ್ರಿಂಗ್ ಬ್ಯಾರೆಲ್ ಮೇಲಿತ್ತು. 1929ರ ವಾಲ್ಥರ್ ಪಿಪಿ, ಆಮೇಲಿನ ಮಕರೊವ್‌ಗಳಲ್ಲಿ ಅದು ಬ್ಯಾರೆಲ್ಲಿನ ಸುತ್ತಲೇ ಇದೆ. ಅಲ್ಲಿ ಬ್ಯಾರೆಲ್ ಅಲುಗಾಡದೆ ಫ್ರೇಮಿಗೆ (ಹಿಡಿ ಇರುವ ಕೆಳಭಾಗಕ್ಕೆ) ಕೂತಿರುವುದರಿಂದ ಬೇರೆ ರಾಡ್ ಬೇಕಿಲ್ಲ. ಜೋರಾದ ಕಾಡತೂಸುಗಳ ಪಿಸ್ತೂಲುಗಳಲ್ಲಿ ಬ್ಯಾರೆಲ್ ಹಿಂದೆ ಸರಿದು ಓರೆಯಾಗುವ ವಿನ್ಯಾಸ ಬಂದಾಗ ಸ್ಪ್ರಿಂಗ್ ಕೆಳಗಿಳಿಯಿತು.

ಬಂದೂಕು ವಿನ್ಯಾಸಕಾರ ಜಾನ್ ಬ್ರೌನಿಂಗ್‌ನ 1911 ಪಿಸ್ತೂಲಿನಲ್ಲಿ ಹಿಂಬದಿ ಗಿಡ್ಡ ಗೈಡ್, ಮುಂಬದಿ ಟೊಳ್ಳು ಪ್ಲಗ್. ಸ್ಪ್ರಿಂಗಿನ ಒಂದು ತುದಿಯನ್ನು ಒಳಗಿನಿಂದ, ಇನ್ನೊಂದನ್ನು ಹೊರಗಿನಿಂದ ಹಿಡಿಯುವ ಜಾಣ ಉಪಾಯವಿದು. ಸ್ಪರ್ಧೆಯ ಶೂಟರ್‌ಗಳು ಆಮೇಲೆ ಪೂರ್ತಿ ಉದ್ದದ ರಾಡ್ ಹಾಕತೊಡಗಿದರು. ಮುಂಭಾಗಕ್ಕೆ ಸ್ವಲ್ಪ ತೂಕ ಬಂತು, ನಿಜ. ಆದರೆ ಬಿಚ್ಚುವುದು ಕಷ್ಟವಾಯಿತು. ಕೆಲವಕ್ಕೆ ಅಲೆನ್ ಕೀ ಬೇಕು. ಐದು ಇಂಚಿನ ಬ್ಯಾರೆಲ್ ಇರುವ 1911ಕ್ಕೆ ಇದು ಬೇಕಿಲ್ಲ ಎಂದೇ ನನ್ನ ಅಭಿಪ್ರಾಯ. ಅಮೆರಿಕದ ಸೇನೆ 1985ರಲ್ಲಿ ಬೆರೆಟ್ಟಾ ಪಿಸ್ತೂಲನ್ನು ಆರಿಸುವವರೆಗೂ ಗಿಡ್ಡ ಗೈಡಿನಲ್ಲೇ ಯುದ್ಧಗಳನ್ನು ಮಾಡಿತ್ತು.

1982ರಲ್ಲಿ ಆಸ್ಟ್ರಿಯಾ ಸೇನೆ ಆರಿಸಿದ ಗ್ಲಾಕ್ 17ರಲ್ಲಿ ರಾಡ್ ಪ್ಲಾಸ್ಟಿಕ್ಕಿನದು. ನೋಡಿದವರಿಗೆ ಅನುಮಾನ ಬರುವುದು ಸಹಜ. ಆದರೆ ಈ ಕಡ್ಡಿ ಭಾರ ಹೊರುವ ಕಂಬ ಅಲ್ಲ, ದಾರಿ ತೋರಿಸುವ ಸಾಧನ. ಪ್ಲಾಸ್ಟಿಕ್ ಸ್ವಲ್ಪ ಬಾಗಿ ಮತ್ತೆ ನೆಟ್ಟಗಾಗುತ್ತದೆ, ತುಕ್ಕು ಹಿಡಿಯುವುದಿಲ್ಲ. ಬೆರೆಟ್ಟಾ 92 ಕೂಡ ಉಕ್ಕಿನಿಂದ ಪ್ಲಾಸ್ಟಿಕ್ಕಿಗೆ ಬಂತು. ಉಕ್ಕಿಗಿಂತ ಸುಮಾರು ಎರಡೂವರೆ ಪಟ್ಟು ತೂಕದ ಟಂಗ್‌ಸ್ಟನ್ ರಾಡ್‌ಗಳೂ ಸಿಗುತ್ತವೆ. ಅವು ಗುಂಡು ಹಾರಿದಾಗ ಪಿಸ್ತೂಲಿನ ಮೂತಿ ಮೇಲೇಳುವುದನ್ನು ಕೊಂಚ ಕಮ್ಮಿ ಮಾಡುತ್ತವೆ, ಅಷ್ಟೆ. ಸುಮ್ನೆ ದುಡ್ಡು ಸುರಿಯುವ ಮುಂಚೆ ಯೋಚಿಸಬೇಕು.

ನಿಜವಾದ ಬದಲಾವಣೆ ಬಂದದ್ದು ಸಣ್ಣ ಪಿಸ್ತೂಲುಗಳಿಂದ. ಸ್ಲೈಡ್ ಗಿಡ್ಡವಾದರೆ ಸ್ಪ್ರಿಂಗಿಗೆ ಜಾಗ ಕಮ್ಮಿ, ಕೆಲಸ ಜಾಸ್ತಿ. 1990ರ ದಶಕದ ಗ್ಲಾಕ್ 26ರಲ್ಲಿ ಒಂದರೊಳಗೊಂದು ಎರಡು ಸ್ಪ್ರಿಂಗ್‌ಗಳನ್ನು ರಾಡಿಗೇ ಕಟ್ಟಿಹಾಕಿದರು. 2010ರ ನಾಲ್ಕನೇ ತಲೆಮಾರಿನ ಗ್ಲಾಕ್ 17ಕ್ಕೂ ಎರಡು ಸ್ಪ್ರಿಂಗ್‌ಗಳ ಈ ಏರ್ಪಾಡು ಬಂತು. ಹೀಗೆ ಕಟ್ಟಿದ ಸ್ಪ್ರಿಂಗ್ ಪಿಸ್ತೂಲು ಬಿಚ್ಚಿ ಒರೆಸುವಾಗ ಹಾರಿಹೋಗುವುದಿಲ್ಲ. 1911ರ ಪ್ಲಗ್ ಹಾರಿ ಮುಖಕ್ಕೆ ಬಡಿಯುವ ಭಯ ಗೊತ್ತಿದ್ದವರಿಗೆ ಇದರ ಬೆಲೆ ತಿಳಿಯುತ್ತದೆ.

ನಮ್ಮಲ್ಲಿ ಸಾಮಾನ್ಯ ಲೈಸೆನ್ಸಿಗೆ 9 ಎಂಎಂ ಪಿಸ್ತೂಲು ಸಿಗುವುದಿಲ್ಲ. ಹಾಗಾಗಿ ಈ ಆಯ್ಕೆ ಹೆಚ್ಚಾಗಿ ಪೊಲೀಸ್, ಸೇನೆಯಲ್ಲಿ ಆಯುಧಗಳನ್ನು ನೋಡಿಕೊಳ್ಳುವ ಆರ್ಮರರ್‌ಗಳ ಕೈಯಲ್ಲಿದೆ. ಅವರು ರಾಡಿಗಿಂತ ಸ್ಪ್ರಿಂಗಿನ ಮೇಲೆ ಕಣ್ಣಿಡಬೇಕು. ಸೋತ ಸ್ಪ್ರಿಂಗ್ ಸ್ಲೈಡನ್ನು ಪೂರ್ತಿ ಮುಂದಕ್ಕೆ ತಳ್ಳದು. ಆಗ ರಾಡ್ ಉಕ್ಕಿನದಾದರೂ ಪಿಸ್ತೂಲು ಕೈಕೊಡುತ್ತದೆ.