ಹಕ್ಕಿ ಉಳಿಸುವ ಸಂಘ ಬೋನು ಇಡುವುದೇಕೆ?

ಪ್ರಶ್ನೆ: ಆಕ್ಲೆಂಡಿನಲ್ಲಿರುವ ನನ್ನ ಮಗಳು ಭಾನುವಾರಗಳಂದು ‘ಫಾರೆಸ್ಟ್ ಅಂಡ್ ಬರ್ಡ್’ ಸಂಘದವರ ಜೊತೆ ಕಾಡಿಗೆ ಹೋಗುತ್ತಾಳೆ. ಹಕ್ಕಿಗಳನ್ನು ಉಳಿಸುವ ಕೆಲಸ ಎನ್ನುತ್ತಾಳೆ. ವಿಚಾರಿಸಿದರೆ ಅಲ್ಲಿ ಇಲಿ, ಮರವೇರುವ ತುಪ್ಪಳದ ಪ್ರಾಣಿಗಳಾದ ಪಾಸಮ್‌ಗಳನ್ನು ಕೊಲ್ಲುವ ಬೋನುಗಳನ್ನು ಇಡುತ್ತಾರಂತೆ. ಒಂದು ಜೀವ ಉಳಿಸಲು ಇನ್ನೊಂದು ಜೀವ ತೆಗೆಯುವುದು ಸರಿಯೇ?

ಉತ್ತರ: ನ್ಯೂಜಿಲೆಂಡಿನ ಮಟ್ಟಿಗೆ ಸರಿ ಎಂದೇ ನಾನು ನಂಬಿದ್ದೇನೆ. ನಿಮ್ಮ ಅಳುಕು ಸಹಜ. ಅದಕ್ಕೆ ಉತ್ತರ ಆ ನೆಲದ ಚರಿತ್ರೆಯಲ್ಲೇ ಇದೆ.

ಸುಮಾರು 8 ಕೋಟಿ ವರ್ಷಗಳ ಹಿಂದೆ ಗೊಂಡ್ವಾನ ಭೂಖಂಡದಿಂದ ಬೇರ್ಪಟ್ಟ ಆ ನಾಡಿನಲ್ಲಿ ಮನುಷ್ಯ ಕಾಲಿಡುವಾಗ ಬಾವಲಿಗಳ ಹೊರತು ನೆಲದ ಮೇಲೆ ಬೇರೆ ಸಸ್ತನಿಯೇ ಇರಲಿಲ್ಲ. ಹಕ್ಕಿಗಳಿಗೆ ಇದ್ದ ಭಯವೆಲ್ಲ ಆಕಾಶದಿಂದ, ಹದ್ದು ಗಿಡುಗಗಳಿಂದ. ಕಣ್ಣಿನಿಂದ ಬೇಟೆಯಾಡುವ ಶತ್ರು ಬಂದಾಗ ಅಲುಗಾಡದೆ ನಿಂತರೆ ಸಾಕಿತ್ತು. ಕಾಕಪೋ ಎಂಬ ದಪ್ಪ ಹಸಿರು ಗಿಳಿ ಇಂದಿಗೂ ಅಪಾಯ ಕಂಡರೆ ಹಾಗೆಯೇ ನಿಂತುಬಿಡುತ್ತದೆ. ಮೂಗಿನಿಂದ ಬೇಟೆ ಹುಡುಕುವ ಪ್ರಾಣಿಯ ಎದುರು ಇದಕ್ಕಿಂತ ಕೆಟ್ಟ ಉಪಾಯ ಇನ್ನೊಂದಿಲ್ಲ.

ಅಂಥ ಪ್ರಾಣಿಗಳನ್ನು ಅಲ್ಲಿಗೆ ಒಯ್ದವನು ಮನುಷ್ಯ. ಇಲಿಗಳು ದೋಣಿ, ಹಡಗುಗಳಲ್ಲಿ ಬಂದವು. ಪಾಸಮ್ಮನ್ನು ತುಪ್ಪಳದ ಆಸೆಗೆ 1837ರಲ್ಲಿ ಆಸ್ಟ್ರೇಲಿಯಾದಿಂದ ತಂದರು. ಬೇಟೆಗೆಂದು ತಂದ ಮೊಲಗಳು ಮಿತಿಮೀರಿದಾಗ, ಪಕ್ಷಿತಜ್ಞರು ಬೇಡವೆಂದರೂ ಕೇಳದೆ, 1880ರ ದಶಕದಲ್ಲಿ ಸ್ಟೋಟ್ ಎಂಬ ನೀಳಮೈಯ ಮಾಂಸಾಹಾರಿಯನ್ನು ಬಿಟ್ಟರು. ಅದು ಮೊಲದ ಜೊತೆಗೆ ಹಕ್ಕಿಗಳಿಗೂ ಬಾಯಿ ಹಾಕಿತು. ಕಿವಿ ಎಂಬ ಹಾರಲಾರದ ಹಕ್ಕಿಯ ಮರಿ ಸುಮಾರು ಒಂದು ಕಿಲೋ ತೂಗುವವರೆಗೆ ಸ್ಟೋಟನ್ನು ಎದುರಿಸಲಾರದು. ಬೋನುಗಳಿಲ್ಲದ ಕಾಡಿನಲ್ಲಿ ನೂರು ಮರಿಗಳಲ್ಲಿ ದೊಡ್ಡದಾಗುವುದು ಸುಮಾರು ಐದು ಮಾತ್ರ.

ನಿಮ್ಮ ಮಗಳ ಸಂಘ ಹುಟ್ಟಿದ್ದೂ ಇಂಥದೇ ಸಂಕಟದಿಂದ. ಮೊದಲ ಮಹಾಯುದ್ಧದಿಂದ ಮರಳಿದ ಕ್ಯಾಪ್ಟನ್ ವ್ಯಾಲ್ ಸ್ಯಾಂಡರ್ಸನ್, ಹಕ್ಕಿಗಳಿಗೆಂದೇ ಮೀಸಲಾಗಿದ್ದ ಕಾಪಿಟಿ ದ್ವೀಪವನ್ನು ಮೇಕೆಗಳು ಬೋಳಿಸುತ್ತಿರುವುದನ್ನು ಕಂಡು ಕೆರಳಿ, 1923ರಲ್ಲಿ ಇದನ್ನು ಕಟ್ಟಿದರು. ಮುಂದೆ 1960ರ ಸುಮಾರಿಗೆ ಆಕ್ಲೆಂಡ್ ಬಳಿಯ ಮರಿಯಾ ಎಂಬ ಪುಟ್ಟ ದ್ವೀಪದಲ್ಲಿ ಇಲಿಗಳು ಸ್ಟಾರ್ಮ್ ಪೆಟ್ರೆಲ್ ಎಂಬ ಕಡಲಹಕ್ಕಿಗಳನ್ನು ನೂರಾರು ಸಂಖ್ಯೆಯಲ್ಲಿ ಕೊಂದಾಗ, ಸಂಘದ ಸ್ವಯಂಸೇವಕರು ಅಲ್ಲಿ ಇಲಿಪಾಷಾಣ ಇಟ್ಟರು. 1964ರಲ್ಲಿ ದ್ವೀಪ ಇಲಿಮುಕ್ತವೆಂದು ಘೋಷಣೆಯಾಯಿತು. ಅದೇ ವರ್ಷ ದೂರದ ದಕ್ಷಿಣದ ಬಿಗ್ ಸೌತ್ ಕೇಪ್ ದ್ವೀಪದಲ್ಲಿ ಹಡಗಿಲಿಗಳ ಹಾವಳಿ ಬಯಲಾಯಿತು. ಎರಡು ಬಗೆಯ ಹಕ್ಕಿಗಳೂ ಒಂದು ಬಗೆಯ ಬಾವಲಿಯೂ ಅಲ್ಲಿಗೆ ನಿರ್ನಾಮವಾದವು. ಇಲಿ ಬಂದರೂ ಬಂದೀತು, ಪ್ರಕೃತಿ ತಾನೇ ಸರಿಮಾಡಿಕೊಳ್ಳುತ್ತದೆ ಎನ್ನುವವರಿಗೆ ನಾನು ಈ ದ್ವೀಪದ ಕಥೆಯನ್ನೇ ಹೇಳುತ್ತೇನೆ.

ಇನ್ನು ಬೋನಿನ ವಿಷಯ. ಮರದ ಉದ್ದ ಪೆಟ್ಟಿಗೆ, ಒಳಗೆ ಬಲವಾದ ಸ್ಪ್ರಿಂಗಿನ ಉಕ್ಕಿನ ಬೋನು, ಅದರಾಚೆ ಒಂದು ಕೋಳಿಮೊಟ್ಟೆ. ಹಕ್ಕಿಗಳು ನುಗ್ಗದಂತೆ ಬಾಯಿ ಕಿರಿದಾಗಿರುತ್ತದೆ. ಪ್ರಾಣಿ ನರಳದೆ ಕೂಡಲೇ ಸಾಯುತ್ತದೆಯೇ ಎಂದು ಪರೀಕ್ಷೆಗೊಳಪಟ್ಟ ಮಾದರಿಗಳಿವೆ. ಒಳ್ಳೆಯ ತಂಡಗಳು ಅವನ್ನೇ ಬಳಸುತ್ತವೆ. ಎಲ್ಲಿ ಏನು ಓಡಾಡುತ್ತಿದೆ ಎಂದು ತಿಳಿಯಲು ಇನ್ನೊಂದು ಸಾಧನವಿದೆ: ಎರಡೂ ಕಡೆ ತೆರೆದ ಪ್ಲಾಸ್ಟಿಕ್ ಸುರಂಗ, ನಡುವೆ ಶಾಯಿಯ ಪಟ್ಟಿ, ಅದರ ಮೇಲೆ ಕಡಲೆಕಾಯಿ ಬೆಣ್ಣೆ. ತಿನ್ನಲು ಬಂದ ಪ್ರಾಣಿಯ ಶಾಯಿ ಹೆಜ್ಜೆಗಳು ಕಾಗದದ ಮೇಲೆ ಮೂಡುತ್ತವೆ; ಇಲಿಯದು ಯಾವುದು, ಸ್ಟೋಟಿನದು ಯಾವುದು ಎಂದು ಸ್ವಯಂಸೇವಕರು ಓದಿ ಬರೆದುಕೊಳ್ಳುತ್ತಾರೆ.

ಫಲವೂ ಕಣ್ಣೆದುರಿಗಿದೆ. 1995ರಲ್ಲಿ ಕಾಕಪೋಗಳು ಉಳಿದಿದ್ದುದು 51. ಶತ್ರುಗಳಿಲ್ಲದ ದ್ವೀಪಗಳಲ್ಲಿ ಇಟ್ಟು ಸಾಕಿದ್ದರಿಂದ ಇಂದು ಇನ್ನೂರನ್ನು ದಾಟಿವೆ.

ಸತ್ತ ಪ್ರಾಣಿಯನ್ನು ಬೋನಿನಿಂದ ತೆಗೆಯಲು ನಿಮ್ಮ ಮಗಳಿಗೆ ಮನಸ್ಸಾಗದಿದ್ದರೆ ಬಲವಂತವೇನಿಲ್ಲ. ಸಸಿ ಬೆಳೆಸಿ ನೆಡುವುದು, ಕಳೆ ಕೀಳುವುದು, ಹಕ್ಕಿ ಎಣಿಸುವುದು, ಎಲ್ಲಕ್ಕೂ ಕೈಗಳು ಬೇಕು. ಆದರೆ ಆಕೆ ರಜೆಗೆ ಊರಿಗೆ ಬಂದಾಗ ಈ ಬೋನನ್ನು ಹಿತ್ತಿಲಲ್ಲಿ ಪ್ರಯೋಗಿಸಬಾರದು. ನಮ್ಮ ಮುಂಗುಸಿ, ಪುನುಗುಬೆಕ್ಕುಗಳು ಈ ನೆಲದವೇ. ಇಲ್ಲಿನ ಹಕ್ಕಿಗಳು ಅವುಗಳ ಜೊತೆಯಲ್ಲೇ ವಿಕಾಸಗೊಂಡವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅವಕ್ಕೆ ಬೋನು ಇಡುವುದು ಅಪರಾಧ.